ಸುಳ್ಳದ ಬಿಸಿಲಿನಲ್ಲಿ ಓದಿಸಿ ನೋಡಿ

ಹುಬ್ಬಳ್ಳಿಯಲ್ಲಿ ಕೂತು ವೆಬ್‌ಸೈಟ್ ಕಟ್ಟುತ್ತಿರುವ ತಮ್ಮ-ತಂಗಿಯರೇ, ನಿಮ್ಮ ಹೊಸ ಪುಟವನ್ನು ಒಮ್ಮೆ ಸುಳ್ಳ ಎಂಬ ಹಳ್ಳಿಗೆ ಒಯ್ಯಿರಿ. ಮಟಮಟ ಮಧ್ಯಾಹ್ನ, ಎರಿಹೊಲದ ಬದುವಿನ ಮೇಲೆ ನಿಂತು ಪಹಣಿ ನೋಡುವ ರೈತನ ಕೈಗೆ ಕೊಡಿ. ಈಗ ಎಲ್ಲೆಡೆ ಚಾಲ್ತಿಯಲ್ಲಿರುವ, ಬಿಳಿಯ ಮೇಲಿನ ತಿಳಿಬೂದು ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಬೇಕೆನ್ನುತ್ತದೆ ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ. ಬಿಸಿಲಿಗೆ ಅದಕ್ಕಿಂತ ಹೆಚ್ಚೇ ಇಡಿ. ಒತ್ತುವ ಗುಂಡಿಗೆ ಅದೇ ಮಾರ್ಗಸೂಚಿಯ 2023ರ ಆವೃತ್ತಿ ಕನಿಷ್ಠ 24 ಪಿಕ್ಸೆಲ್ ಕೇಳುತ್ತದೆ. ದುಡಿದು ದಪ್ಪಗಾದ ಬೆರಳಿಗೆ ಅದು ಸಾಲದು, 44 ಕೊಡಿ.

ಕನ್ನಡಕ್ಕೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಇಂಗ್ಲಿಷಿಗೆ ಅಳೆದ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಹುದು. 'ರಾಷ್ಟ್ರ', 'ಸ್ತ್ರೀ' ಎಂದು ಬರೆದು ಪರೀಕ್ಷಿಸಿ. ಸಾಲಿನ ಎತ್ತರ ಅಕ್ಷರಗಾತ್ರದ 1.6 ಪಟ್ಟಾದರೂ ಇದ್ದರೆ ಕಣ್ಣಿಗೆ ಹಿತ. ಗುಂಡಿಯ ಅಗಲವನ್ನೂ ಕಟ್ಟಿಹಾಕಬೇಡಿ. 'ಮುಂದುವರಿಯಿರಿ' ಎಂಬುದಕ್ಕೆ ಜಾಗ ಬೇಕಲ್ಲ!

ಮೂರು ಗೆರೆಯ ಚಿಹ್ನೆಯೊಳಗೆ ಎಲ್ಲವನ್ನೂ ಬಚ್ಚಿಡುವುದು ಇನ್ನೊಂದು ರೂಢಿ. ಅದರ ಅರ್ಥ ಎಲ್ಲರಿಗೂ ಗೊತ್ತಿರಬೇಕೆಂದಿಲ್ಲ. ಪಕ್ಕದಲ್ಲಿ 'ಪಟ್ಟಿ' ಎಂದು ಬರೆಯಿರಿ, ಹೆಚ್ಚು ಬಳಸುವ ಎರಡು ಕೆಲಸಗಳನ್ನು ಹೊರಗೇ ಇಡಿ.