ಪುಸ್ತಕ ಮೊದಲು, ಚಿತ್ರ ಅನಂತರ

ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಒಂದು ಪಾಠ

ಒಳ್ಳೆಯ ಕಾದಂಬರಿಯೊಂದು ಚಲಚ್ಚಿತ್ರವಾಗಿ ಬರುವುದೆಂಬ ವಾರ್ತೆಯು ಹುಟ್ಟಿದೊಡನೆ ನಮ್ಮ ವಿದ್ಯಾರ್ಥಿನಿಯರಲ್ಲಿ ಎರಡು ಪಕ್ಷಗಳಾಗುವುವು. "ಚಿತ್ರವನ್ನು ನೋಡಿದರೆ ಕಥೆ ತಿಳಿಯುವುದಷ್ಟೆ, ಮತ್ತೆ ಓದುವುದೇಕೆ?" ಎಂಬುದು ಒಂದು ಪಕ್ಷ, "ಓದಿದ ಮೇಲೆಯೇ ನೋಡಬೇಕು" ಎಂಬುದು ಇನ್ನೊಂದು ಪಕ್ಷ. ಇವೆರಡರಲ್ಲಿ ಮೊದಲನೆಯದೇ ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅವರ ಮನೆಗಳಲ್ಲಿಯೂ ಈ ಪ್ರಶ್ನೆಯು ಏಳದಿರದು. ಆದುದರಿಂದ ಇದನ್ನು ಪಾಠದ ಕ್ರಮದಲ್ಲಿ ವಿಚಾರಮಾಡುವುದು ಯುಕ್ತವೆಂದು ನಮಗೆ ತೋರಿತು.

ಹಿಂದಿನ ಕಾಲದಲ್ಲಿ ಚಿತ್ರವು ಬೆಂಗಳೂರು ಮೈಸೂರುಗಳಲ್ಲಿ ಮೊದಲು ತೆರೆಕಂಡು, ಅನಂತರ ಹುಣಸೂರು, ಕೃಷ್ಣರಾಜನಗರಗಳಿಗೆ ಬಂದು, ಕಡೆಗೆ ಹಳ್ಳಿಗಳ ಟೂರಿಂಗ್ ಟಾಕೀಸಿನ ಡೇರೆಯನ್ನು ಸೇರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದುವು. ಆ ಅವಧಿಯಲ್ಲಿ ಪುಸ್ತಕವು ಮನೆಯಿಂದ ಮನೆಗೆ ಕೈಬದಲಾಗುವುದಕ್ಕೆ ಅವಕಾಶವಿತ್ತು. ಈಗಲಾದರೋ ಐವತ್ತು ವರ್ಷಗಳ ಹಿಂದಿನ ಚಿತ್ರವೂ ಅಂಗೈಯ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಬಿಳಿಕೆರೆಯ ಕೂಡುರಸ್ತೆಯಲ್ಲಿ ನಿಂತಿರುವ ಹುಡುಗಿಯು ಹಾಸನದ ಕಡೆಯ ಬಸ್ಸು ಬರುವುದರೊಳಗಾಗಿ ಅರ್ಧ ಚಿತ್ರವನ್ನು ನೋಡಿ ಮುಗಿಸಬಲ್ಲಳು. ಕಾಯುವ ಕಾಲವನ್ನು ಲೋಕವು ನಮಗೆ ಕೊಡದಾದಾಗ ಅದನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

೧. ನಿರ್ದೇಶಕನೂ ಒಬ್ಬ ವಾಚಕನೇ

ಕನ್ನಡದಲ್ಲಿ ಕಾದಂಬರಿಯನ್ನು ಆಧರಿಸಿ ಚಿತ್ರವನ್ನು ತೆಗೆಯುವ ಪದ್ಧತಿಯು ೧೯೬೨ರ 'ಕರುಣೆಯೇ ಕುಟುಂಬದ ಕಣ್ಣು' ಎಂಬುದರಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುವರು. ಅದರ ಮೂಲವು ಕೃಷ್ಣಮೂರ್ತಿ ಪುರಾಣಿಕರ 'ಧರ್ಮದೇವತೆ.' ಅಲ್ಲಿಂದ ಮುಂದಕ್ಕೆ ನಮ್ಮ ಹೆಸರಾಂತ ಲೇಖಕರ ಕೃತಿಗಳು ಒಂದರ ಹಿಂದೊಂದು ತೆರೆಯ ಮೇಲೆ ಬಂದುವು. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (೧೯೭೦), ಶಿವರಾಮ ಕಾರಂತರ 'ಚೋಮನ ದುಡಿ' (೧೯೭೫), ಅನಂತಮೂರ್ತಿಯವರದೇ ಆದ 'ಘಟಶ್ರಾದ್ಧ' (೧೯೭೭), ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' (೧೯೮೬) ಎಂಬ ಈ ನಾಲ್ಕೂ ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಪ್ರಶಸ್ತಿಯನ್ನು ಪಡೆದುವು. ಕನ್ನಡ ಚಿತ್ರಕ್ಕೆ ದೇಶದಲ್ಲಿ ಬಂದ ಹೆಸರಿನ ಬೇರುಗಳಲ್ಲಿ ಬಹುಭಾಗವು ಪುಸ್ತಕದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ಚಿತ್ರದ ಅವಧಿಯು ಎರಡು ಮೂರು ಗಂಟೆಗಳು. ದೊಡ್ಡ ಕಾದಂಬರಿಯನ್ನು ಓದಿ ಮುಗಿಸಲು ಹತ್ತು ಹದಿನೈದು ಗಂಟೆಗಳಾದರೂ ಬೇಕು. ಹಾಗಿರುವಲ್ಲಿ ನಿರ್ದೇಶಕನು ಕೆಲವನ್ನು ಬಿಡದೆ ನಿರ್ವಾಹವಿಲ್ಲ. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ 'ನಾಗರಹಾವು' ಎಂಬ ಒಂದೇ ಚಿತ್ರವನ್ನು ಮಾಡಿದರು. ಜನರು ಅದನ್ನು ಬಹಳವಾಗಿ ಮೆಚ್ಚಿದರು. ಮೂಲ ಲೇಖಕರಿಗೆ ಅದು ಸಮಾಧಾನವನ್ನು ತರಲಿಲ್ಲವೆಂಬುದನ್ನೂ ಹಿರಿಯರು ಬಲ್ಲರು. ಮೈಸೂರಿನ ಆರ್. ಕೆ. ನಾರಾಯಣರಿಗಾದ ಅನುಭವವೂ ಇಂಥದೇ. ಅವರ 'ಗೈಡ್' ೧೯೬೫ರಲ್ಲಿ ಹಿಂದೀ ಚಿತ್ರವಾದಾಗ ನಮ್ಮ ಸೀಮೆಯ ವಾಸನೆಯುಳ್ಳ ಮಾಲ್ಗುಡಿಯು ಉತ್ತರದೇಶಕ್ಕೆ ಹೊರಟುಹೋಯಿತು. ಆ ಅಸಮಾಧಾನವನ್ನು ಅವರು ನಗೆಮಾತಿನ ಪ್ರಬಂಧವೊಂದರಲ್ಲಿ ಬರೆದಿಟ್ಟಿರುವರು.

ಸಣ್ಣ ಕಥೆಯು ಚಿತ್ರವಾಗುವಾಗ ಇದಕ್ಕೆ ವಿರುದ್ಧವಾದ ಕಾರ್ಯ ನಡೆಯುತ್ತದೆ. ಅಲ್ಲಿ ನಿರ್ದೇಶಕನು ತನ್ನ ಕಡೆಯಿಂದ ಸೇರಿಸಬೇಕಾಗುತ್ತದೆ. ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಎಂಬ ಕಥಾಸಂಕಲನವನ್ನು ನೋಡಿರಿ. ಆ ಒಂದು ಚಿಕ್ಕ ಪುಸ್ತಕದಿಂದ ಅದೇ ಹೆಸರಿನ ಚಿತ್ರವು ೧೯೭೩ರಲ್ಲಿಯೂ, 'ತಬರನ ಕಥೆ'ಯು ೧೯೮೬ರಲ್ಲಿಯೂ, 'ಡೇರ್‌ಡೆವಿಲ್ ಮುಸ್ತಾಫಾ' ೨೦೨೩ರಲ್ಲಿಯೂ ಹೊರಟುವು. ಕೆಲವೇ ಪುಟಗಳ ಕಥೆಯು ಎರಡು ಗಂಟೆಗಳಿಗೂ ಮೀರಿದ ಚಿತ್ರವಾಗಬೇಕಾದರೆ ಹೊಸ ಸಂಗತಿಗಳು ಕೂಡಲೇಬೇಕು.

ಬಿಡುವುದು, ಸೇರಿಸುವುದು, ಒತ್ತಿಹೇಳುವುದು ಇವೆಲ್ಲವೂ ಒಬ್ಬ ವಾಚಕನ ತೀರ್ಪುಗಳು. ನಿರ್ದೇಶಕನು ಪುಸ್ತಕವನ್ನು ಓದಿ ತನಗೆ ಕಂಡುದನ್ನು ನಮಗೆ ತೋರಿಸುವನು. ಆತನ ಓದು ಶ್ರೇಷ್ಠವಾಗಿದ್ದರೂ ಇರಬಹುದು. ಆದರೆ ನಮ್ಮ ಹುಡುಗಿಯು ತಾನು ಓದುವ ಮೊದಲೇ ಅದನ್ನು ನೋಡಿಬಿಟ್ಟರೆ, ಆತನ ತೀರ್ಪನ್ನೇ ತನ್ನದೆಂದು ತಿಳಿಯುವಳು. ಈ ಪಾಠದ ಮುಖ್ಯಾಂಶವು ಇದೇ.

೨. ನಮ್ಮ ಸೀಮೆಯ ಎರಡು ಗ್ರಂಥಗಳು

ಹೆಗ್ಗಡದೇವನಕೋಟೆಯ ಕಡೆಯವರಿಗೆ ಕಾಕನಕೋಟೆಯ ಕಾಡನ್ನು ಪರಿಚಯಮಾಡಿಕೊಡಬೇಕಾದುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಕಾಕನಕೋಟೆ' ನಾಟಕವು ೧೯೩೮ರಲ್ಲಿ ಪ್ರಕಟವಾಯಿತು, ಸಿ. ಆರ್. ಸಿಂಹ ಅವರು ಅದನ್ನು ೧೯೭೭ರಲ್ಲಿ ಚಿತ್ರವಾಗಿ ಮಾಡಿದರು. ಕಾಡುಕುರುಬರ ಕಾಚನ ಕಥೆ ಅದು. ಕಾಡಿನ ಜನರಿಗೂ ನಾಡಿನ ಅಧಿಕಾರಕ್ಕೂ ನಡುವಣ ತಿಕ್ಕಾಟವೇ ಅದರ ವಸ್ತು. ನಾಟಕವನ್ನು ಪುಸ್ತಕದಲ್ಲಿ ಓದುವಾಗ ಕಾಡೆಂಬುದು ಮಾತುಗಳಲ್ಲಿ ಮಾತ್ರ ಇರುತ್ತದೆ. ಮರ, ಬಿದಿರುಮೆಳೆ, ಆನೆಯ ಜಾಡು ಇವುಗಳನ್ನೆಲ್ಲ ಓದುವವಳೇ ತನ್ನ ಮನಸ್ಸಿನಲ್ಲಿ ನೆಡಬೇಕು. ಹಾಡಿಗಳ ಸಮೀಪದಿಂದ ಬರುವ ಹುಡುಗಿಯು ನೆಡುವ ಕಾಡು ಬೆಂಗಳೂರಿನ ಹುಡುಗಿಯು ನೆಡುವ ಕಾಡಿಗಿಂತ ದಟ್ಟವಾಗಿರುವುದು ಸಹಜ. ಕಬಿನಿ ಜಲಾಶಯವು ೧೯೭೪ರಲ್ಲಿ ಪೂರ್ಣವಾದ ಮೇಲೆ ಆ ಕಾಡಿನ ಒಂದು ಭಾಗವು ನೀರಿನಡಿಯಲ್ಲಿ ಸೇರಿದೆ. ತನ್ನ ಅಜ್ಜಿಯಿಂದ ಕೇಳಿದ ಕಾಡನ್ನು ಪುಸ್ತಕದ ಸಹಾಯದಿಂದ ಮರಳಿ ಕಟ್ಟುವ ಸಂತೋಷವನ್ನು ಚಿತ್ರವು ಮೊದಲೇ ಬಂದು ಕಸಿದುಕೊಳ್ಳಬಾರದು.

ಆ ಕಪಿಲೆಯೇ ಕೆಳಕ್ಕೆ ಹರಿದು ನಂಜನಗೂಡನ್ನು ಸೇರುತ್ತದೆ. ಅಲ್ಲಿ ಮತ್ತೊಂದು ಗ್ರಂಥವು ನಮ್ಮನ್ನು ಕಾದಿದೆ. ಮೈಸೂರಿನಲ್ಲಿ ಬಹುಕಾಲ ನೆಲಸಿದ್ದ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ವು ೧೯೬೫ರಲ್ಲಿ ಬಂದಿತು. ನಂಜನಗೂಡಿನ ಶ್ರೋತ್ರಿಯರ ಮನೆಯ ವಿಧವೆ ಸೊಸೆ ಕಾತ್ಯಾಯನಿಯು ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುವಳು. ಅಲ್ಲಿ ಆಕೆಗೆ ಪುನರ್ವಿವಾಹದ ಪ್ರಶ್ನೆಯು ಎದುರಾಗುತ್ತದೆ. ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಕೂಡಿ ತೆಗೆದ ಚಿತ್ರಕ್ಕೆ ೧೯೭೧ರ ಸಾಲಿನಲ್ಲಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯು ಬಂದಿತು. ಕಾದಂಬರಿಯಲ್ಲಿ ಕಾತ್ಯಾಯನಿಯ ಮನಸ್ಸಿನ ಹೊಯ್ದಾಟವು ಪುಟಗಟ್ಟಲೆ ನಡೆಯುತ್ತದೆ. ಮಾವನ ಪಕ್ಷದ ನ್ಯಾಯವೂ ಸೊಸೆಯ ಪಕ್ಷದ ನ್ಯಾಯವೂ ಸಾವಕಾಶವಾಗಿ ತೂಗಲ್ಪಡುತ್ತವೆ. ಓದುವ ಹುಡುಗಿಯು ನಡುವೆ ಪುಸ್ತಕವನ್ನು ಮುಚ್ಚಿಟ್ಟು "ನಾನಾಗಿದ್ದರೆ ಏನು ಮಾಡುತ್ತಿದ್ದೆ?" ಎಂದು ಯೋಚಿಸಬಹುದು. ಚಿತ್ರವಾದರೋ ನಮಗಾಗಿ ನಿಲ್ಲದು. ಮುಂದಿನ ದೃಶ್ಯಕ್ಕೆ ನಡೆದುಬಿಡುವುದು.

೩. ಕಾವೇರಿಯ ಕಥೆ

ಹೆಣ್ಣುಮಕ್ಕಳಿಗೆ ಈ ವಿಷಯವು ವಿಶೇಷವಾಗಿ ಸಲ್ಲುವುದಕ್ಕೆ ಇನ್ನೊಂದು ಕಾರಣವಿದೆ. ತೆರೆಗೆ ಬಂದ ಕಾದಂಬರಿಗಳಲ್ಲಿ ಅನೇಕವು ಸ್ತ್ರೀಯರು ಬರೆದುವು: ತ್ರಿವೇಣಿಯವರ 'ಬೆಳ್ಳಿಮೋಡ' (ಚಿತ್ರ ೧೯೬೭), 'ಹಣ್ಣೆಲೆ ಚಿಗುರಿದಾಗ' (೧೯೬೮), 'ಶರಪಂಜರ' (೧೯೭೧), ವಾಣಿಯವರ 'ಎರಡು ಕನಸು' (೧೯೭೪), 'ಶುಭಮಂಗಳ' (೧೯೭೫), ಎಂ. ಕೆ. ಇಂದಿರಾ ಅವರ 'ಗೆಜ್ಜೆ ಪೂಜೆ', 'ಫಣಿಯಮ್ಮ.' ಇವುಗಳಲ್ಲಿ 'ಫಣಿಯಮ್ಮ'ನನ್ನು ೧೯೮೩ರಲ್ಲಿ ಪ್ರೇಮಾ ಕಾರಂತರು ಚಿತ್ರಿಸಿದರು. ಉಳಿದುವನ್ನು ನಿರ್ದೇಶಿಸಿದವರು ಪುರುಷರು. ಆ ಮಹನೀಯರ ಕೌಶಲವನ್ನು ನಾವು ಗೌರವಿಸುತ್ತೇವೆ. ಆದರೂ ಮೂಲದಲ್ಲಿ ಒಬ್ಬ ಹೆಂಗಸು ಏನು ಹೇಳಿದಳೆಂಬುದನ್ನು ಆಕೆಯ ಬಾಯಿಂದಲೇ ಮೊದಲು ಕೇಳುವುದು ನಮ್ಮ ಹುಡುಗಿಯರಿಗೆ ಅವಶ್ಯಕ.

ತ್ರಿವೇಣಿಯವರು ೧೯೨೮ರಲ್ಲಿ ಜನಿಸಿ, ಮೈಸೂರಿನಲ್ಲಿ ಮನಃಶಾಸ್ತ್ರವನ್ನು ವ್ಯಾಸಂಗಮಾಡಿ, ೧೯೬೩ರಲ್ಲಿ ೩೫ ವರ್ಷ ತುಂಬುವ ಮೊದಲೇ ತೀರಿಕೊಂಡರು. ಮೇಲೆ ಹೇಳಿದ ಅವರ ಮೂರು ಚಿತ್ರಗಳಲ್ಲಿ ಒಂದನ್ನೂ ಅವರು ಕಾಣಲಿಲ್ಲ. ಅವರ ಮಾತು ನಮಗೆ ಉಳಿದಿರುವುದು ಪುಸ್ತಕದಲ್ಲಿ ಮಾತ್ರ. 'ಶರಪಂಜರ'ದ ಕಾವೇರಿಯು ಬಾಣಂತಿತನದಲ್ಲಿ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಚಿಕಿತ್ಸೆಯನ್ನು ಪಡೆದು, ಗುಣಹೊಂದಿ ಮನೆಗೆ ಬರುವಳು. ಆಸ್ಪತ್ರೆಯು ಗುಣಪಡಿಸಿದವಳನ್ನು ಮನೆಯವರ ಮತ್ತು ನೆರೆಯವರ ಸಂಶಯದ ಕಣ್ಣುಗಳು ಪುನಃ ಕೆಡಿಸುವುವು. ಚಿತ್ರದಲ್ಲಿ ಕಲ್ಪನಾ ಅವರ ಅಭಿನಯವು ಬಹು ಪ್ರಬಲವಾದುದು. ಆದುದರಿಂದಲೇ ಎಚ್ಚರಿಕೆ ಬೇಕು. ತರಗತಿಯಲ್ಲಿ "ಕಾವೇರಿಯು ಹೇಗಿದ್ದಳು?" ಎಂದು ನಾವು ಕೇಳಿದಾಗ, ಚಿತ್ರವನ್ನು ಮಾತ್ರ ನೋಡಿದವರೆಲ್ಲರೂ ಒಂದೇ ಮುಖವನ್ನು, ಒಂದೇ ಬಗೆಯ ಸೀರೆಯನ್ನು, ಒಂದೇ ನಗುವನ್ನು ವರ್ಣಿಸುವರು. ಪುಸ್ತಕವನ್ನು ಮೊದಲು ಓದಿದವರಲ್ಲಿ ಒಬ್ಬಳ ಕಾವೇರಿಯು ಅವಳ ಚಿಕ್ಕಮ್ಮನಂತಿರುವಳು. ಮತ್ತೊಬ್ಬಳ ಕಾವೇರಿಯು ಅವಳ ಬೀದಿಯ ಕೊನೆಯ ಮನೆಯಾಕೆಯಂತಿರುವಳು.

ಈ ವ್ಯತ್ಯಾಸವು ಅಲ್ಪವಾದುದಲ್ಲ. ಮನಸ್ಸಿನ ಕಾಯಿಲೆಗೆ ಔಷಧವನ್ನು ಪಡೆದು ಊರಿಗೆ ಮರಳಿದ ಹೆಂಗಸನ್ನು ಬೀದಿಯ ಜನರು ಅಡ್ಡಹೆಸರಿನಿಂದ ಕರೆಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ನಟಿಯ ಮುಖವು ತೆರೆಯ ಮೇಲೆಯೇ ಉಳಿಯುವುದು. ಚಿಕ್ಕಮ್ಮನ ಮುಖವನ್ನು ಧರಿಸಿದ ಕಾವೇರಿಯಾದರೋ ಓದಿದವಳ ಸಂಗಡ ಬೀದಿಗೆ ಬರುವಳು; ಅಂಥ ಹೆಂಗಸಿನ ಮನೆಗೆ ಹೋಗಿ ಎಂದಿನಂತೆ ಮಾತನಾಡಿಸುವ ಬುದ್ಧಿಯನ್ನು ಕೊಡುವಳು. ಓದಿನಿಂದ ನಾವು ಅಪೇಕ್ಷಿಸುವ ಫಲವು ಪರೀಕ್ಷೆಯ ಅಂಕಗಳಿಗಿಂತ ಹೆಚ್ಚಾಗಿ ಇದೇ.

೪. ಎರಡು ಆಕ್ಷೇಪಗಳು

ಕಥೆಯು ಮೊದಲೇ ತಿಳಿದಿದ್ದರೆ ಚಿತ್ರದಲ್ಲಿ ಸ್ವಾರಸ್ಯವಿರದೆಂದು ಕೆಲವರು ಹೇಳುವರು. ನಮ್ಮ ಊರುಗಳಲ್ಲಿ ಜಾತ್ರೆಯ ಕಾಲದಲ್ಲಿ ಆಡುವ ಕುರುಕ್ಷೇತ್ರ ನಾಟಕವನ್ನು ಅವರು ನೆನೆಯಲಿ. ದುರ್ಯೋಧನನ ಗತಿಯೇನಾಗುವುದೆಂದು ತಿಳಿಯದವರು ಆ ಸಭೆಯಲ್ಲಿ ಒಬ್ಬರೂ ಇರುವುದಿಲ್ಲ; ಆದರೂ ಊರಿಗೆ ಊರೇ ಬೆಳಗಾಗುವ ತನಕ ಕಂಬಳಿ ಹೊದ್ದು ಕುಳಿತಿರುವುದು. ಈ ಪಾತ್ರಧಾರಿಯು ಗದೆಯನ್ನು ಹೇಗೆ ಹಿಡಿಯುವನು, ಈ ಪದ್ಯವನ್ನು ಹೇಗೆ ಎಳೆಯುವನು ಎಂಬುದೇ ಅಲ್ಲಿನ ಕುತೂಹಲ. ಕಥೆಯನ್ನು ಬಲ್ಲವರೇ ಒಳ್ಳೆಯ ಪ್ರೇಕ್ಷಕರು.

ಚಿತ್ರವನ್ನು ನೋಡಿದ ಮೇಲೆಯೇ ಅನೇಕರು ಪುಸ್ತಕವನ್ನು ಹುಡುಕುವರೆಂಬುದು ಎರಡನೆಯ ಆಕ್ಷೇಪ. ಇದು ನಿಜ, ಅಂಥವರಿಗೆ ನಾವು ಪುಸ್ತಕವನ್ನು ಸಂತೋಷದಿಂದ ಕೊಡುತ್ತೇವೆ. ಚಿತ್ರವು ಮಾತ್ರ ಕೊಡಬಲ್ಲ ಸುಖಗಳೂ ಉಂಟು. ಅಚ್ಚಿನ ಅಕ್ಷರದಿಂದ ಚೋಮನ ದುಡಿಯ ನಾದವು ಕಿವಿಗೆ ಕೇಳಿಸದು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದ ಎಂ. ವಿ. ವಾಸುದೇವರಾಯರ ಮುಖವನ್ನು ನೋಡಿಯೇ ತಿಳಿಯಬೇಕು. ಆದುದರಿಂದ ಚಿತ್ರವನ್ನು ನೋಡಬೇಡಿರೆಂದು ನಾವು ಎಲ್ಲಿಯೂ ಹೇಳುತ್ತಿಲ್ಲ. ಓದಿ ನೋಡಿರಿ, ಎರಡು ಪಟ್ಟು ನೋಡಿದಂತಾಗುವುದು.

೫. ಮನೆಯಲ್ಲಿ ಮಾಡತಕ್ಕ ಅಭ್ಯಾಸ

(ಅ) ದಿನಕ್ಕೆ ೧೫ ಪುಟಗಳಂತೆ ಓದಿದರೆ ೨೦೦ ಪುಟಗಳ ಕಾದಂಬರಿಯು ಎರಡು ವಾರಗಳಲ್ಲಿ ಮುಗಿಯುವುದು. ರಾತ್ರಿ ಊಟವಾದ ಮೇಲೆ ಒಬ್ಬರು ಓದಿ ಉಳಿದವರು ಕೇಳುವುದು ಉತ್ತಮ. ಓದುಬಾರದ ಅಜ್ಜಿಗೂ ಇದರಿಂದ ಕಥೆಯು ದೊರೆಯುವುದು.

(ಆ) ಪುಸ್ತಕವು ಮುಗಿದ ದಿನವೇ ಹುಡುಗಿಯು ಒಂದು ಪುಟವನ್ನು ಬರೆಯಲಿ: ನಾಯಕಿಯು ತನಗೆ ಹೇಗೆ ಕಂಡಳು, ಮನೆಯು ಹೇಗಿತ್ತು, ಯಾವ ಸಂಗತಿಯು ಮುಖ್ಯ, ಮುಕ್ತಾಯವು ನ್ಯಾಯವಾದುದೋ ಅಲ್ಲವೋ. ಆ ಪುಟವನ್ನು ಮಡಿಚಿ ಪುಸ್ತಕದೊಳಗೆ ಇಡಲಿ.

(ಇ) ಅನಂತರ ಮನೆಯವರೆಲ್ಲರೂ ಕೂಡಿ ಚಿತ್ರವನ್ನು ನೋಡಲಿ. ಮರುದಿನ ಆ ಪುಟವನ್ನು ತೆಗೆದು, ಯಾವುದನ್ನು ಬಿಟ್ಟಿದ್ದಾರೆ, ಯಾವುದನ್ನು ಸೇರಿಸಿದ್ದಾರೆ, ಏಕೆ ಎಂಬುದನ್ನು ಮಾತನಾಡಿಕೊಳ್ಳಲಿ.

(ಈ) ವಯಸ್ಸಿಗೆ ತಕ್ಕ ಗ್ರಂಥವನ್ನು ತಂದೆತಾಯಿಗಳು ಆರಿಸಬೇಕು. 'ಸಂಸ್ಕಾರ'ವನ್ನು ಕಾಲೇಜಿನ ವಯಸ್ಸಿಗೆ ಬಿಡುವುದು ಲೇಸು. ಚಿಕ್ಕವರಿಗೆ 'ಡೇರ್‌ಡೆವಿಲ್ ಮುಸ್ತಾಫಾ' ಕಥೆಯು ತಕ್ಕುದು. ೧೯೮೫ರ 'ಬೆಟ್ಟದ ಹೂವು' ಚಿತ್ರವನ್ನು ಎಲ್ಲರೂ ನೋಡಬಹುದು. ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಪುಸ್ತಕವನ್ನು ಆಧರಿಸಿದ ಆ ಚಿತ್ರದಲ್ಲಿ ಬಡ ಹುಡುಗನೊಬ್ಬನು ಕಾಡಿನ ಹೂಗಳನ್ನು ತಂದು ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಕಾಸುಗೂಡಿಸುವನು.

(ಉ) ಪುಸ್ತಕಕ್ಕೆ ಹಣವಿಲ್ಲವೆಂಬುದು ಅಡ್ಡಿಯಾಗಬಾರದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ಅಲ್ಲಿ ಕೇಳಿರಿ, ಇಲ್ಲದ ಪುಸ್ತಕವನ್ನು ತರಿಸಿಕೊಡುವಂತೆ ಬರೆದುಕೊಡಿರಿ. ಹಳೆಯ ವಿದ್ಯಾರ್ಥಿನಿಯರು ತಾವು ಓದಿ ಮುಗಿಸಿದ ಪ್ರತಿಗಳನ್ನು ಶಾಲೆಗೆ ಕಳುಹಿಸಿದರೆ ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ.

ಪ್ರಶ್ನೆಗಳು

೧. 'ಬೆಳ್ಳಿಮೋಡ'ದ ಇಂದಿರೆಯು ತನ್ನನ್ನು ಒಮ್ಮೆ ತೊರೆದವನನ್ನು ಕಡೆಗೆ ನಿರಾಕರಿಸುವಳು. ನೀವು ಆಕೆಗೆ ಏನು ಹೇಳುತ್ತಿದ್ದಿರಿ?
೨. 'ಶರಪಂಜರ'ದಲ್ಲಿ ಕಾವೇರಿಗೆ ಯಾರಾದರೂ ಒಬ್ಬರು ಆಡಬಹುದಾಗಿದ್ದ ಒಂದು ಒಳ್ಳೆಯ ಮಾತನ್ನು ಬರೆಯಿರಿ.
೩. 'ಕಾಕನಕೋಟೆ'ಯ ಕಾಡನ್ನು ನಿಮ್ಮ ಮನೆಯ ಹಿರಿಯರ ನೆನಪಿನಿಂದ ವರ್ಣಿಸಿರಿ.

ತೇಜಸ್ವಿಯವರ 'ಜುಗಾರಿ ಕ್ರಾಸ್' ಚಿತ್ರವಾಗುವುದೆಂಬ ವಾರ್ತೆಯು ಒಂದಕ್ಕಿಂತ ಹೆಚ್ಚು ಬಾರಿ ಪತ್ರಿಕೆಗಳಲ್ಲಿ ಬಂದಿದೆ. ಅದನ್ನು ಇನ್ನೂ ಓದದವರು ಈ ರಜೆಯಲ್ಲಿಯೇ ಓದಿ ಮುಗಿಸಲಿ, ಒಂದು ಪುಟವನ್ನು ಬರೆದು ಮಡಿಚಿಡಲಿ. ತೆರೆಯ ಮೇಲೆ ಯಾರ ಮುಖವು ಬಂದರೂ, ಅದರ ಪಕ್ಕದಲ್ಲಿ ಇಟ್ಟು ನೋಡುವುದಕ್ಕೆ ನಮ್ಮ ಹುಡುಗಿಯ ಬಳಿಯಲ್ಲಿ ತನ್ನದೇ ಆದ ಒಂದು ಮುಖವಿರಲಿ.