ಮನೆ ನಿಮ್ಮ ಹೆಸರಿನಲ್ಲೇ ಇರಲಿ

ಪ್ರಶ್ನೆ: ನನಗೆ 71 ವರ್ಷ, ಮನೆಯವಳಿಗೆ 66. ಪಿಂಚಣಿ ಇಲ್ಲ. ತಂದೆಯಿಂದ ಭಾಗಕ್ಕೆ ಬಂದ ಜಾಗದಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆಯೊಂದೇ ಆಸ್ತಿ. ಮನೆ ಒತ್ತೆ ಇಟ್ಟರೆ ಬ್ಯಾಂಕೇ ತಿಂಗಳು ತಿಂಗಳು ಹಣ ಕೊಡುತ್ತದಂತೆ, ನಿಜವೇ? ಮಗ ‘ಮನೆ ನನ್ನ ಹೆಸರಿಗೆ ಮಾಡಿ, ನೋಡಿಕೊಳ್ಳುತ್ತೇನೆ’ ಎನ್ನುತ್ತಾನೆ. ಏನು ಮಾಡಲಿ?
– ಹೆಸರು ಬೇಡವೆಂದ ಓದುಗರು, ಕಳಲೆ, ನಂಜನಗೂಡು ತಾಲ್ಲೂಕು

ಉತ್ತರ: ನೀವು ಕೇಳಿದ್ದು ನಿಜ. ಅದರ ಹೆಸರು ರಿವರ್ಸ್ ಮಾರ್ಟ್‌ಗೇಜ್. 2007ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟವಾದ ಈ ಯೋಜನೆಗೆ ರಾಷ್ಟ್ರೀಯ ವಸತಿ ಬ್ಯಾಂಕ್ ನಿಯಮ ರೂಪಿಸಿತು. 60 ದಾಟಿದವರು ತಾವು ವಾಸವಿರುವ ಮನೆಯನ್ನು ಅಡವಿಟ್ಟು ಕಂತಿನಲ್ಲಿ ಹಣ ಪಡೆಯಬಹುದು. ಬದುಕಿರುವವರೆಗೆ ಗಂಡ ಹೆಂಡತಿ ಅಲ್ಲೇ ಇರಬಹುದು, ಸಾಲ ತೀರಿಸಬೇಕಿಲ್ಲ. ಇಬ್ಬರ ಕಾಲವೂ ಮುಗಿದ ಮೇಲೆ ಮಕ್ಕಳು ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು. ಇಲ್ಲವಾದರೆ ಬ್ಯಾಂಕ್ ಮನೆ ಮಾರಿ, ಉಳಿದದ್ದನ್ನು ವಾರಸುದಾರರಿಗೆ ಕೊಡುತ್ತದೆ. ಕಂತಿನ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ.

ಆದರೆ ಬಡ್ಡಿಗೆ ಬಡ್ಡಿ ಬೆಳೆಯುತ್ತದೆ. ತಿಂಗಳಿಗೆ 5,000 ರೂಪಾಯಿಯಂತೆ 15 ವರ್ಷ ಪಡೆದರೆ ನಿಮ್ಮ ಕೈಗೆ ಬರುವುದು 9 ಲಕ್ಷ. ಶೇ 10ರ ಬಡ್ಡಿ ಎಂದುಕೊಂಡರೆ ಅಷ್ಟು ಹೊತ್ತಿಗೆ ಸಾಲ 20 ಲಕ್ಷ ಮೀರಿರುತ್ತದೆ.

ನಿಮ್ಮ ವಿಷಯದಲ್ಲಿ ದೊಡ್ಡ ತೊಡಕು ಬೇರೆಯೇ ಇದೆ. ಈ ನಿಯಮ ಕೇಳುವುದು ಸ್ವಯಾರ್ಜಿತ ಮನೆ, ತಕರಾರಿಲ್ಲದ ದಾಖಲೆ. ತಂದೆಯಿಂದ ಬಂದ ಜಾಗವಾದ್ದರಿಂದ ನಿಮ್ಮ ಅರ್ಜಿ ಅಲ್ಲೇ ನಿಲ್ಲುವ ಸಂಭವ ಹೆಚ್ಚು. ಆದರೂ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11, ನಿಮ್ಮ ಭಾಗಪತ್ರ, ಕಂದಾಯದ ರಸೀದಿ ಸರಿಯಾಗಿವೆಯೇ ನೋಡಿ. ಯಾವ ದಾರಿ ಹಿಡಿದರೂ ಇವು ಬೇಕು.

ನಿಮಗೆ ಒಗ್ಗುವುದು ನಮ್ಮ ಕಡೆಯ ಹಳೆಯ ದಾರಿ: ಮೇಲಂತಸ್ತನ್ನು ಬಾಡಿಗೆಗೋ ಭೋಗ್ಯಕ್ಕೋ ಕೊಡುವುದು. ನಂಜನಗೂಡಿನ ಕಾರ್ಖಾನೆಗಳಿಗೆ ಹೋಗಿಬರುವವರಿಗೆ ಕಳಲೆ ದೂರವಲ್ಲ. ಭೋಗ್ಯದಲ್ಲಿ ಬಾಡಿಗೆ ಬರುವುದಿಲ್ಲ, ಒಂದೇ ಗಂಟು ಬರುತ್ತದೆ, ಅವಧಿ ಮುಗಿದಾಗ ಅದನ್ನು ಹಿಂದಿರುಗಿಸಬೇಕು. ಹಾಗಾಗಿ ಅದನ್ನು ಮದುವೆಗೋ ಹಳೆ ಸಾಲಕ್ಕೋ ಮುರಿಯಬೇಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಡಿ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 8.2ಕ್ಕೆ ಏರಿತು, ಆ ದರದಲ್ಲಿ 5 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ಬರುತ್ತದೆ. ಅದರ ಅವಧಿ 5 ವರ್ಷ, ನಡುವೆ ತೆಗೆದರೆ ಕಡಿತವಿದೆ. ಭೋಗ್ಯದ ಅವಧಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಕರಾರನ್ನು ನೋಂದಾಯಿಸಿ.

ಇನ್ನು ಮಗನ ಮಾತು. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೂ ದಾನಪತ್ರ ಬರೆದ ದಿನವೇ ಮನೆ ನಿಮ್ಮ ಕೈ ತಪ್ಪುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳಬೇಕೆಂಬ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ದಾರಿ ಕೊಡುತ್ತದೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತು ಇರಲಿಲ್ಲವೆಂದು ಒಬ್ಬ ತಾಯಿಯ ವಿರುದ್ಧ ತೀರ್ಪು ಕೊಟ್ಟಿತು. 2025ರ ಜನವರಿಯಲ್ಲಿ, ಷರತ್ತು ಇದ್ದ ಮಧ್ಯಪ್ರದೇಶದ ತಾಯಿಗೆ ಆಸ್ತಿ ಮರಳಿಸಿತು. ಬರೆಯಲೇಬೇಕಾದರೆ ಆ ಷರತ್ತನ್ನೂ ನಿಮ್ಮಿಬ್ಬರ ಜೀವಿತಾವಧಿ ವಾಸದ ಹಕ್ಕನ್ನೂ ಪತ್ರದಲ್ಲೇ ಸೇರಿಸಿ.

ಅದಕ್ಕಿಂತ ಒಳ್ಳೆಯದು ಉಯಿಲು. ಇಬ್ಬರು ಸಾಕ್ಷಿಗಳ ಸಹಿ ಸಾಕು, ಯಾವಾಗ ಬೇಕಾದರೂ ಬದಲಿಸಬಹುದು, ನಿಮ್ಮ ನಂತರವೇ ಜಾರಿಗೆ ಬರುತ್ತದೆ. ಜಾಗ ಪಿತ್ರಾರ್ಜಿತವೇ, ನಿಮ್ಮ ಪಾಲು ಎಷ್ಟು ಎಂಬುದನ್ನು ಮೊದಲು ವಕೀಲರಿಗೆ ಭಾಗಪತ್ರ ತೋರಿಸಿ ಖಚಿತಪಡಿಸಿಕೊಳ್ಳಿ. ಮಗನನ್ನೂ ಮಗಳಿದ್ದರೆ ಮಗಳನ್ನೂ ಕೂರಿಸಿಕೊಂಡು ನಿಮ್ಮ ತೀರ್ಮಾನ ಹೇಳಿ. ನೀವಿಬ್ಬರೂ ಇರುವವರೆಗೆ ಮನೆಯ ಹಕ್ಕು ಬಿಟ್ಟುಕೊಡಬೇಡಿ.