ಹಿಡಿತದಿಂದ ಬಿಡಿಸಿಕೊಳ್ಳುವುದು ಹೇಗೆ?

ಸಂಜೆ ವೇಳೆ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಜನಜಂಗುಳಿಯಲ್ಲಿ ಯಾರಾದರೂ ಕೈ ಹಿಡಿದೆಳೆದರೆ ಒದೆಯಲು, ಗುದ್ದಲು ಸ್ಥಳವೂ ಸಿಗದು. ಆದ್ದರಿಂದ ಈ ಮೂರು ಪಾಠಗಳನ್ನು ನೀವೂ ಕಲಿಯಿರಿ, ಮಗಳಿಗೂ ಕಲಿಸಿ.

ಮಣಿಕಟ್ಟು ಹಿಡಿದರೆ: ಸುಮ್ಮನೆ ಹಿಂದಕ್ಕೆ ಜಗ್ಗಬೇಡಿ. ಹಿಡಿದ ಕೈಯಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳೊಂದೇ ಇನ್ನೊಂದು ಕಡೆ. ಅವು ಸೇರುವ ಸಂದಿಯಲ್ಲೇ ಹಿಡಿತ ದುರ್ಬಲ. ಒಂದು ಹೆಜ್ಜೆ ಮುಂದಿಟ್ಟು, ಮೊಣಕೈ ಮಡಚಿ, ಮಣಿಕಟ್ಟನ್ನು ಆ ಸಂದಿಯತ್ತ ತಿರುಗಿಸಿ ಥಟ್ಟನೆ ಸೆಳೆದುಕೊಳ್ಳಿ.

ಹಿಂದಿನಿಂದ ತಬ್ಬಿ ಹಿಡಿದರೆ: ಕಾಲು ಅಗಲಿಸಿ, ಮಂಡಿ ಬಗ್ಗಿಸಿ ಮೈಭಾರ ಕೆಳಗಿಳಿಸಿ. ಆಗ ನಿಮ್ಮನ್ನು ಎತ್ತುವುದು ಕಷ್ಟ. ಹಿಮ್ಮಡಿಯಿಂದ ಅವನ ಪಾದ ತುಳಿಯಿರಿ; ಒಂದು ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿ.

ತೋಳಿನಿಂದ ಕುತ್ತಿಗೆ ಬಿಗಿದರೆ: ಗದ್ದವನ್ನು ಎದೆಗೊತ್ತಿ, ಎರಡೂ ಕೈಗಳಿಂದ ಆ ತೋಳನ್ನು ಕೆಳಕ್ಕೆಳೆದು ಉಸಿರಿಗೆ ದಾರಿ ಮಾಡಿಕೊಳ್ಳಿ. ಬಳಿಕ ನುಂಗಲು ಕಷ್ಟವಾದರೆ, ಧ್ವನಿ ಬದಲಾದರೆ, ಗಾಯ ಕಾಣದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಅಭ್ಯಾಸಕ್ಕೆ ಮುಂಚೆ ಉಗುರು ಕತ್ತರಿಸಿ, ಬಳೆ, ಪಿನ್ನು ತೆಗೆದಿಡಿ. ಮೊದಲು ನಿಧಾನವಾಗಿ ಮಾಡಿ. ನೋವಾದರೆ ಜೊತೆಗಾರ್ತಿಯನ್ನು ಎರಡು ಸಲ ತಟ್ಟಿ. ತಟ್ಟಿದೊಡನೆ ಆಕೆ ಬಿಡಬೇಕು. ಕುತ್ತಿಗೆಯ ಪಾಠವನ್ನು ತರಬೇತುದಾರರಿಲ್ಲದೆ ಮಾಡಲೇಬೇಡಿ. ಮೈಗೆ ಮೈ ತಾಗುವುದರಿಂದ ಹುಳುಕಡ್ಡಿ ಹರಡಬಹುದು. ಮುಗಿದ ಕೂಡಲೇ ಸ್ನಾನ ಮಾಡಿ, ಬಟ್ಟೆ ಒಗೆದು ಬಿಸಿಲಿಗೆ ಹಾಕಿ.

ನೆನಪಿಡಿ: ಇದು ಗೆಲ್ಲುವ ಆಟವಲ್ಲ. ಕೈ ಬಿಡಿಸಿಕೊಂಡ ಮೇಲೆ ಹೊಡೆದಾಡುತ್ತಾ ನಿಲ್ಲಬೇಡಿ. ಜೋರಾಗಿ ಕೂಗಿ, ಜನರಿರುವ ಅಂಗಡಿಗೆ ಓಡಿ, 112ಕ್ಕೆ ಕರೆ ಮಾಡಿ.